ಕೋವಿಯ ವಂಶಾವಳಿ

ಓಣಿಯವರೆಲ್ಲ ಕೋವಿ ಮಾವ ಎಂದೇ ಕರೆಯುವ ಆ ನಿವೃತ್ತ ಗುಮಾಸ್ತರು, ಯಾರಾದರೂ ಹಳೆಯ ಕೋವಿ ತಂದರೆ ಮೊದಲು ನಳಿಕೆಗೆ ಸೀಮೆಸುಣ್ಣ ಉಜ್ಜಿ ಸವೆದ ಅಂಕಿಗಳನ್ನು ಭೂತಗನ್ನಡಿಯಲ್ಲಿ ಓದುತ್ತಾರೆ. ಆಮೇಲೆ ಅದು ಯಾರಿಂದ ಯಾರ ಕೈಗೆ ದಾಟಿತೆಂದು ಹಳೇ ಕಾಗದಪತ್ರಗಳನ್ನೆಲ್ಲ ಜಾಲಾಡದೆ ಬಿಡುವವರಲ್ಲ. "ಸ್ವಂತ ನಾದಿನಿ ಹೆಸರು ಮರೀತಾರೆ, ಇನ್ನೂರು ವರ್ಷದ ಹಿಂದೆ ಸತ್ತ ಸೇನಾಪತಿಯ ಭಾವಮೈದನ ಹೆಸರು ಮಾತ್ರ ನಾಲಿಗೆ ತುದೀಲೇ ಇರುತ್ತೆ" ಎಂದು ಹೆಂಡತಿ ಗೊಣಗುತ್ತಾರೆ. "ಇದು ನಮ್ಮ ತಾತ ಯುದ್ಧದಲ್ಲಿ ಹಿಡಿದಿದ್ದು" ಎಂದು ಕೊಚ್ಚಿಕೊಂಡವನಿಗೆ, "ನಿಮ್ಮ ತಾತ ಇದನ್ನ ಇಸ್ಪೀಟಲ್ಲಿ ಗೆದ್ದಿದ್ದು ಸ್ವಾಮಿ" ಎಂದು ಮೆಲ್ಲಗೆ ಹೇಳಿ, ಇಂಗು ತಿಂದ ಮಂಗನಂತೆ ಮಾಡಿ ಕಳಿಸುತ್ತಾರೆ. ಆದರೆ ಅವರು ಬರೆದುಕೊಡುವ ಪ್ರತಿ ವಂಶಾವಳಿಯ ಕೊನೆಯಲ್ಲೂ ಒಂದು ಸಾಲು ಖಾಲಿ ಇರುತ್ತದೆ. ಯಾಕೆಂದು ಕೇಳಿದರೆ, "ಕೋವಿ ಹಿಡಿದವರ ಹೆಸರೆಲ್ಲ ಸಿಕ್ಕಿದೆ. ಆ ಜಾಗ ಅದರ ಎದುರಿಗೆ ನಿಂತವರಿಗೆ, ಅವರ ಹೆಸರು ಇನ್ನೂ ಹುಡುಕ್ತಾ ಇದ್ದೀನಿ" ಎನ್ನುತ್ತಾರೆ.