ಮಿಕ್ಸರ್ ಹಣೆಗೆ ವಿಭೂತಿ ಹಚ್ಚಿದ್ದು ತಪ್ಪೇ?

ಹೋದ ಮಂಗಳವಾರ ಬೆಳಿಗ್ಗೆ ಸನಮಡಿಯಿಂದ ನನ್ನ ಅಕ್ಕ ಮಹಾರಾಷ್ಟ್ರದ ಗಡಿಯೂರು ಜತ್ತಿನ ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ಹೊಸ ಮಿಕ್ಸರ್. ಅದರ ಮೈಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. (ನೋಡಿದರೆ ಕೈ ಮುಗಿಯಬೇಕು, ಹಾಗಿತ್ತು.)

"ಇದನ್ನ ಅಂಗಡಿಗಿ ವಾಪಸ್ ಕೊಟ್ಟು ಬ್ಯಾರೆ ಕೊಡಸಪಾ ತಮ್ಮಾ. ಒಂದ ಸುತ್ತ ತಿರಗಿ, ಹೊಗಿ ಬಿಟ್ಟು ನಿಂತೈತಿ" ಎಂದಳು.

ಅಕ್ಕ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ ಮಾಡಿ ಜತ್ತಿನ ಅಂಗಡಿಗಳಿಗೆ ಕೊಡುತ್ತಾಳೆ. ಭುಜನೋವಿನಿಂದ ಕೈಯಲ್ಲಿ ಕುಟ್ಟುವುದು ನಿಂತಿದೆ. ಮಿಕ್ಸರ್ ಇಲ್ಲದಿದ್ದರೆ ಹಿಂಡಿಯೂ ಇಲ್ಲ.

ಶನಿವಾರ ಜತ್ತಿನಿಂದ ಮಿಕ್ಸರ್ ತಂದವಳು ಸೋಮವಾರದವರೆಗೆ ಸ್ವಿಚ್ ಮುಟ್ಟಲಿಲ್ಲ. ಪೂಜೆ ಆಗದೆ ಹೊಸ ವಸ್ತು ಚಾಲೂ ಮಾಡುವುದುಂಟೇ? ನಮ್ಮಲ್ಲಿ ಟ್ರ್ಯಾಕ್ಟರಿಗೂ ಅಷ್ಟೇ, ಮೊಬೈಲಿಗೂ ಅಷ್ಟೇ.

ಬಿಲ್ಲಿನ ಹಿಂದೆ ಏನಿರುತ್ತದೆ ಗೊತ್ತಲ್ಲ? 'ಬಳಸದ ಮಾಲು ಮಾತ್ರ ವಾಪಸ್.' ಮೆಲ್ಲಗೆ ಒದ್ದೆ ಬಟ್ಟೆ ತಂದೆ. ಅಕ್ಕ ಕೈ ಹಿಡಿದಳು.

"ದೇವರ ಹೆಸರ್ಲೆ ಹಚ್ಚಿದ್ದು. ಕಳ್ಳರಂಗ ಒರಸಾಕ ನಾ ಏನ ತಪ್ಪ ಮಾಡೀನಿ?"

ಒರೆಸದೆಯೇ ಹೋದೆವು. ಮ್ಯಾನೇಜರ್ ಒಮ್ಮೆ ನೋಡಿ ಮರಾಠಿಯಲ್ಲಿ, "ವಾಪರಲೇಲಾ ಮಾಲ್ ಪರತ್ ಘೇತ್ ನಾಹೀ" ಎಂದ. ಬಳಸಿದ ಮಾಲು ವಾಪಸ್ ಇಲ್ಲ! ಸಾಕ್ಷಿ? ವಿಭೂತಿಯತ್ತ ಬೆರಳು ತೋರಿಸಿದ.

ನನಗೆ ಸಿಟ್ಟು ಬಂತು. ಅವನ ಬಿಲ್ಲಿಂಗ್ ಕಂಪ್ಯೂಟರಿನ ಮೇಲೆ ದಸರೆಯ ಕುಂಕುಮ ಇನ್ನೂ ಅಂಟಿತ್ತು. "ಸಾಹೇಬ್ರ, ಹಂಗಾದ್ರ ಇದೂ ಸೆಕೆಂಡ್ ಹ್ಯಾಂಡ್ ಏನ್ರಿ?" ಎಂದೆ. ಹಿಂದೆ ನಿಂತವರು ನಕ್ಕರು. ಅವನು ನಗಲಿಲ್ಲ. (ಜೋಕ್ ಮಾಡಿ ಆಗುವ ಕೆಲಸ ಕೆಡಿಸುವುದರಲ್ಲಿ ನನ್ನದು ಎತ್ತಿದ ಕೈ.)

ಅಕ್ಕ ಮಾತ್ರ ತಣ್ಣಗೆ ಕೇಳಿದಳು: "ಅಲ್ರಿ ಅಣ್ಣಾರ, ಮನಸಿಗಿ ಬಂದಿಲ್ಲಂತ ತಂದಿಲ್ರಿ. ಬಣ್ಣಾ ಭಾಳ ಚಲೋ ಐತಿ. ಕೆಟ್ಟೈತಿ ಅಂತ ತಂದೀನ್ರಿ. ಚಾಲೂ ಮಾಡ್ಲಾರ್ದ ಕೆಟ್ಟದ್ದು ಹ್ಯಾಂಗ ಗೊತ್ತಾಗಬೇಕ್ರಿ?"

ಮ್ಯಾನೇಜರ್ ಮಿಕ್ಸರ್ ತನ್ನತ್ತ ಎಳೆದುಕೊಂಡ. ಪ್ಲಗ್ ಹಾಕಿದ. ಅಂಗಡಿ ತುಂಬ ಸುಟ್ಟ ವಾಸನೆ.

"ಇದು ಬ್ಯಾರೆ ಮಾತ ಬಿಡ್ರಿ ಅಕ್ಕಾರ" ಎಂದು ಕನ್ನಡಕ್ಕೆ ಹೊರಳಿ ಇನ್ನೊಂದು ಡಬ್ಬಿ ತರಿಸಿದ.

ಎಷ್ಟು ಸರಳ, ನೋಡಿ. ಇಷ್ಟವಾಗದ ವಸ್ತುವನ್ನು ವಾಪಸ್ ಪಡೆಯುವುದು ಅಂಗಡಿಯವರ ದೊಡ್ಡ ಮನಸ್ಸು. ಡಬ್ಬಿ ಹರಿದಿರಬಾರದು, ಬಳಸಿರಬಾರದು ಎಂದು ಅವರು ಷರತ್ತು ಹಾಕಲಿ, ಒಪ್ಪೋಣ. ಆದರೆ ಕೆಟ್ಟ ಮಾಲು ಬದಲಿಸಿಕೊಡುವುದು ಉಪಕಾರವಲ್ಲ, ಅದು ನಮ್ಮ ಹಕ್ಕು. ಓದಿದ ನಾವೇ ಎರಡನ್ನೂ ಒಂದೇ ಮಾಡಿಕೊಂಡು ಕೌಂಟರ್ ಮುಂದೆ ತಪ್ಪಿತಸ್ಥರಂತೆ ನಿಲ್ಲುತ್ತೇವೆ. ವಿಭೂತಿ ಒರೆಸಲು ಬಟ್ಟೆ ತಂದವನು ನಾನೇ ತಾನೆ? ನಾಚಿಕೆಯಾಯಿತು.

ಹೊರಡುವಾಗ ಮ್ಯಾನೇಜರ್ ಬುದ್ಧಿಮಾತು ಹೇಳಿದ: "ಇನ್ನಮ್ಯಾಲ ಮೊದಲ ಓಡಿಸಿ ನೋಡ್ರಿ, ಆಮ್ಯಾಲ ಪೂಜಿ ಮಾಡ್ರಿ."

ಅಕ್ಕ ಅಲ್ಲೇ ಡಬ್ಬಿ ಬಿಚ್ಚಿಸಿ, ಮಿಕ್ಸರ್ ಓಡಿಸಿ ನೋಡಿಯೇ ಎದ್ದಳು.

ಅವನ ಮಾತು ಸರಿಯೇ. ಆದರೆ ಮಾರುವ ಮೊದಲು ತಾವೂ ಒಮ್ಮೆ ಓಡಿಸಿ ನೋಡಬೇಕೆಂದು ಅಂಗಡಿಯವರಿಗೆ ಹೇಳುವವರು ಯಾರು?