ಎಲ್ಲ ಕಡೆಯೂ ಫೇಲಾಗಬೇಕಾದ ಪರೀಕ್ಷೆ

ಪಾಸಾದರೆ ಎಲ್ಲರೂ ಸಿಹಿ ಹಂಚುತ್ತಾರೆ. ನಾನು ಫೇಲಾದದ್ದಕ್ಕೆ ಹಂಚಿದವಳು. ಅದೂ ಬೇರೆ ಬೇರೆ ಊರುಗಳಲ್ಲಿ ಒಂದೇ ರೀತಿ ಫೇಲಾದೆನಲ್ಲ ಎಂಬ ಹಿಗ್ಗಿಗೆ. ಪಾಪ, ಇವಳಿಗೇನೋ ಆಗಿದೆ ಎಂದುಕೊಳ್ಳುವ ಮೊದಲು ಸ್ವಲ್ಪ ಕುಳಿತು ಕೇಳಿ.

ನಾನು ಮೂಡಿಗೆರೆಯ ಮನೆಯಲ್ಲೇ ಕುಳಿತು ಪ್ರೋಗ್ರಾಮು ಬರೆಯುವವಳು. ಚಿಕ್ಕಮಗಳೂರಿನಲ್ಲಿ ಕಾಫಿ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಬಣ್ಣ ನೋಡಿ ಕಾಫಿ ಬೀಜ ವಿಂಗಡಿಸುವ ಯಂತ್ರವಿದೆ. ಯಾವ ಬೀಜ ಉಳಿಯಬೇಕು, ಯಾವುದು ಹೊರಗೆ ಹಾರಬೇಕು ಎಂದು ಅದಕ್ಕೆ ಹೇಳಿಕೊಡುವ ಪ್ರೋಗ್ರಾಮು ನನ್ನದು. ಯಂತ್ರದ ಉಸ್ತುವಾರಿ ಚಂದ್ರಣ್ಣನದು. ಅವನು ನನ್ನ ದೊಡ್ಡಪ್ಪನ ಮಗ. ಹಾಗಾಗಿ ಬೈಯುವ ಹಕ್ಕೂ ಅವನದೇ.

ಒಂದು ದಿನ ಅವನ ಫೋನು ಬಂತು. "ಏನೇ ಮಾರಾಯ್ತಿ, ಬೆಳಿಗ್ಗೆನೇ ಸರಿ ಮಾಡಿದೀನಿ ಅಂದ್ಯಲ್ಲ? ಕಪ್ಪು ಬೀಜ ಇಟ್ಕೊಂಡು ಒಳ್ಳೇದನ್ನೆಲ್ಲ ಹೊರಗೆ ಹಾಕ್ತಾ ಇದೆ. ನಿದ್ದೆಗಣ್ಣಲ್ಲಿ ಅಕ್ಕಿ ಆರಿಸ್ದಂಗೆ!"

ನಾನು ಸರಿ ಮಾಡಿದ್ದು ನಿಜ. ಅದು ಯಂತ್ರಕ್ಕೆ ಹೋಗಿರಲಿಲ್ಲ ಎಂಬುದೂ ನಿಜ. ನಾವು ಬರೆದದ್ದನ್ನು ಓಡುವ ಪ್ರೋಗ್ರಾಮಾಗಿ ಕಟ್ಟಿಕೊಡಲು ಬಿಲ್ಡ್ ಟೂಲ್ ಎಂಬುದೊಂದಿದೆ. ಅದರ ಬುದ್ಧಿ ಸೋಮಾರಿ ಅಡುಗೆಯವನದು. ನಾವು ಬರೆದದ್ದು ತರಕಾರಿ, ಕಟ್ಟಿದ ಪ್ರೋಗ್ರಾಮು ಸಾರು. ತರಕಾರಿ ನಿನ್ನೆಯದು, ಸಾರು ಇವತ್ತಿನದು, ಅಂದಮೇಲೆ ಮತ್ತೆ ಯಾಕೆ ಒಲೆ ಹಚ್ಚಬೇಕು? ತಾರೀಖು ಸರಿಯಿದ್ದರೆ ಈ ಸೋಮಾರಿತನ ಜಾಣತನವೇ. ಆದರೆ ಈ ಕಟ್ಟುವ ಕೆಲಸ ನಡೆಯುವ, ಯಂತ್ರದ ಪಕ್ಕದ ಕಂಪ್ಯೂಟರಿನ ಒಳಗಡಿಯಾರದ ಸೆಲ್ ಸತ್ತಿತ್ತು. ಕರೆಂಟು ಹೋಗಿ ಬಂದಾಗ ಅದು ಎಷ್ಟೋ ವರ್ಷ ಹಿಂದಿನ ಒಂದು ಬೆಳಿಗ್ಗೆಗೆ ಎದ್ದು ಕುಳಿತಿತ್ತು. ನನ್ನ ಹೊಸ ಬರಹದ ಮೇಲೆ ಆ ಹಳೇ ತಾರೀಖು ಬಿತ್ತು. ಟೂಲು ನೋಡಿತು, ಸಾರೇ ಹೊಸದು ಎಂದುಕೊಂಡಿತು, ಮಗ್ಗುಲು ಬದಲಿಸಿ ಮಲಗಿತು.

ಚಂದ್ರಣ್ಣ ಅವತ್ತೇ ಸೆಲ್ ಬದಲಾಯಿಸಿದ. ಬುದ್ಧಿ ಇದ್ದವರು ಅಲ್ಲಿಗೆ ಬಿಡುತ್ತಿದ್ದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಕಣ್ಣೆದುರು ತರಕಾರಿಯೇ ಬೇರೆಯಾಗಿರುವಾಗ ಗಡಿಯಾರ ನೋಡಿ ಮಲಗುವುದು ಸೆಲ್ಲಿನ ತಪ್ಪು ಹೇಗಾದೀತು? ಆ ಟೂಲು ಊರೊಟ್ಟಿನ ಸ್ವತ್ತು, ಯಾರು ಬೇಕಾದರೂ ತಿದ್ದಬಹುದು. ‘ಹೊಸದೋ ಹಳೆಯದೋ ಎಂದು ಕೇಳಬೇಡ, ಹೋದ ಸಲ ನೋಡಿದ್ದಕ್ಕಿಂತ ಬೇರೆಯೋ ಎಂದು ಕೇಳು’ ಎಂದು ತಿದ್ದಿ, ಅದನ್ನು ನೋಡಿಕೊಳ್ಳುವ ಹಿರಿಯರಿಗೆ ಕಳಿಸಿದೆ. ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ. ಅವರಿರುವುದು ಕರೆಂಟು ಹೋಗುವುದೇ ಇಲ್ಲದ ಯಾವುದೋ ದೇಶದಲ್ಲಿ.

ಯಜಮಾನರ ಉತ್ತರ ಮರ್ಯಾದೆಯಿಂದಲೇ ಬಂತು. ಇಂಥ ತೊಂದರೆಯನ್ನು ತಾವು ಕಂಡಿಲ್ಲ. ಯಾವ ಕಂಪ್ಯೂಟರಿನಲ್ಲಿ ಓಡಿಸಿದರೂ ಅದನ್ನು ತೋರಿಸಿಕೊಡುವ ಒಂದು ಪರೀಕ್ಷೆ ಬರೆದು ಕಳಿಸಿ. ಹೊಸ ಆವೃತ್ತಿ ಹೊರಬರುವ ಮೊದಲು ಕಳಿಸಿದರೆ ನಿಮ್ಮ ತಿದ್ದುಪಡಿ ಒಳಗೆ, ಇಲ್ಲವಾದರೆ ಹೊರಗೆ.

ಪರೀಕ್ಷೆ ಎಂದರೆ ಪುಟ್ಟ ಶೆಲ್ ಸ್ಕ್ರಿಪ್ಟು. ಕಂಪ್ಯೂಟರಿಗೆ ಸಾಲುಸಾಲಾಗಿ ಕೊಡುವ ಅಪ್ಪಣೆ: ಒಂದು ಕಡತ ಮಾಡು, ಟೂಲನ್ನು ಓಡಿಸು, ಕಡತವನ್ನು ಬದಲಾಯಿಸಿ ಅದಕ್ಕೆ ಹಳೇ ತಾರೀಖು ಅಂಟಿಸು, ಮತ್ತೆ ಓಡಿಸು, ಬದಲಾವಣೆ ಬಂತೋ ನೋಡು. ಬಂದರೆ ಪಾಸ್, ಬರದಿದ್ದರೆ ಫೇಲ್; ತಿದ್ದದ ಟೂಲು ಎಲ್ಲ ಕಡೆಯೂ ಒಂದೇ ರೀತಿ ಫೇಲಾದರೆ ಮಾತ್ರ ತಪ್ಪು ಟೂಲಿನದೇ ಎಂದು ಸಾಬೀತು. ಅರ್ಧ ಗಂಟೆಯ ಕೆಲಸ ಎಂದುಕೊಂಡು ಬರೆದು, ಮೀಸೆಯಿಲ್ಲದಿದ್ದರೂ ತಿರುವಿಕೊಂಡು ಕಳಿಸಿದೆ. ಯಜಮಾನರು ಬರೆದರು: "ನನ್ನ ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಬೀಳುತ್ತಿದೆ. ಬಿದ್ದದ್ದು ಟೂಲೋ ನಿಮ್ಮ ಪರೀಕ್ಷೆಯೋ, ನಾನು ಹೇಗೆ ತಿಳಿಯಲಿ?"

ಓದಿದ ಕೂಡಲೇ ನನಗೆ ಅಜ್ಜಿಯ ನೆನಪಾಯಿತು. ಮಾತು ಕಲಿಸಿದವಳು ಅವಳೇ. ಕೊಟ್ಟಿಗೆಹಾರದಲ್ಲಿ ಅವಳದೊಂದು ಸಣ್ಣ ಹೋಟೆಲಿತ್ತು. ಘಾಟಿ ಹತ್ತಿ ಬಂದವರು, ಇಳಿಯಲು ಹೊರಟವರು, ಬಯಲುಸೀಮೆಯ ಲಾರಿಯವರು ಎಲ್ಲರೂ ಅಲ್ಲಿ ನಿಲ್ಲುತ್ತಿದ್ದರು. ಒಳಗೆ ಅಡುಗೆಮನೆಯಲ್ಲಿ ಅಜ್ಜಿಯದು ಅರ್ಧ ಮಾತು, ಉಳಿದರ್ಧ ಹುಬ್ಬು. "ಅದನ್ ಅಲ್ಲಿಡೇ" ಎಂದರೆ ಯಾವುದನ್ನು, ಎಲ್ಲಿ ಎಂದು ನಾವೇ ತಿಳಿಯಬೇಕು. ಅದೇ ಅಜ್ಜಿ ಗಿರಾಕಿಗಳ ಮುಂದೆ ಬಂದು ನಿಂತಳೆಂದರೆ ಬೇರೆಯೇ ಹೆಂಗಸು. "ಬಿಸಿನೀರು ಆ ಹಂಡೇಲಿದೆ. ಲೋಟ ಇಲ್ಲಿದೆ. ಕೈ ತೊಳೆಯೋದು ಹಿತ್ತಲಲ್ಲಿ." ಯಾವ ಊರಿನವನೂ ಎರಡನೇ ಸಲ ಕೇಳುತ್ತಿರಲಿಲ್ಲ.

ನಾನು ಬರೆದದ್ದು ಅಡುಗೆಮನೆಯ ಮಾತು, ಅದನ್ನು ಕಳಿಸಿದ್ದು ಬಸ್‌ಸ್ಟ್ಯಾಂಡಿಗೆ! ಈ ಅಪ್ಪಣೆಗಳನ್ನು ಕೇಳಿ ನಡೆಸುವ ಶೆಲ್ಲುಗಳಲ್ಲೂ ಸೀಮೆಗೊಂದು ನುಡಿ. ‘ನಿನ್ನೆಯ ತಾರೀಖು ಹಾಕು’ ಎಂದರೆ ನನ್ನ ಯಂತ್ರ ತಲೆಯಾಡಿಸುತ್ತದೆ. ಇನ್ನೊಂದು, ನಿನ್ನೆ ಎಂದರೆ ಯಾವತ್ತು ಎಂದು ಮುಖ ನೋಡುತ್ತದೆ. ‘ಸಾಲು ಮುರಿಯದೆ ಹೇಳು’ ಎಂಬುದಕ್ಕೊಂದು ಗುರುತಿದೆ. ಕೆಲವು ಶೆಲ್ಲುಗಳು ಆ ಗುರುತನ್ನೂ ಸೇರಿಸಿ ಗಟ್ಟಿಯಾಗಿ ಹೇಳಿಬಿಡುತ್ತವೆ. ನಾಟಕದಲ್ಲಿ ‘ಅಳುತ್ತಾ’ ಎಂದು ಬರೆದಿದ್ದನ್ನೂ ಓದಿಬಿಡುವ ನಟನ ಹಾಗೆ. ಸರಿ, ನಿನ್ನೆಯನ್ನು ಬಿಟ್ಟು ವರ್ಷ, ತಿಂಗಳು, ದಿನ, ಗಂಟೆ ಎಂದು ಬಿಡಿಸಿ ಬರೆದೆ. ಜಾಣ ಪದಗಳನ್ನೆಲ್ಲ ಕಿತ್ತೆ. ಸ್ಕ್ರಿಪ್ಟು ಬೋಳು ಬೋಳಾಯಿತು. ಒಬ್ಬ ಮರ್ಯಾದಸ್ಥನ ಹಾಗೆ ಕಾಣತೊಡಗಿತು.

ಆದರೆ ಓಡಿಸಿ ನೋಡದೆ ಕಳಿಸಿ ಇನ್ನೊಮ್ಮೆ ಮುಖಭಂಗವಾಗುವುದು ಬೇಡವಿತ್ತು. ಮಳೆಗೆ ನಮ್ಮ ನೆಟ್‌ವರ್ಕು ಮಲಗಿತ್ತು. ಬೇರೆ ಜಾತಿಯ ಕಂಪ್ಯೂಟರು ಇದ್ದದ್ದು ಅತ್ತಿಗುಂಡಿಯಲ್ಲಿ ಹೋಮ್‌ಸ್ಟೇ ನಡೆಸುವ ಸುಮಿತ್ರಕ್ಕನ ಮನೆಯಲ್ಲಿ. ತಿದ್ದಿದ ಟೂಲು, ತಿದ್ದದ ಟೂಲು ಎರಡನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಅಲ್ಲಿ ಕಾಫಿ, ಕಡುಬು, ಮತ್ತೆ ಕಾಫಿ ಮುಗಿಯದೆ ಕಂಪ್ಯೂಟರಿನ ಕೋಣೆಗೆ ಬಿಡಲಿಲ್ಲ. ಕೊನೆಗೂ ಕುಳಿತು, ಮೊದಲು ತಿದ್ದದ ಟೂಲಿನ ಮೇಲೆ ಪರೀಕ್ಷೆ ಓಡಿಸಿದೆ. ಕೆಂಪಕ್ಷರದಲ್ಲಿ ಉತ್ತರ ಬಂತು: ಫೇಲ್. ಕೊನೆಯ ಸಾಲಿನಲ್ಲಿ, ಬೀಳಬೇಕಾದ ಜಾಗದಲ್ಲೇ, ನನ್ನ ಲ್ಯಾಪ್‌ಟಾಪಿನಲ್ಲಿ ಬಿದ್ದ ಹಾಗೆಯೇ!

"ಫೇಲ್! ಸುಮಿತ್ರಕ್ಕಾ, ಫೇಲಾಯ್ತು!" ಎಂದು ಕೂಗಿಕೊಂಡು ಹೊರಗೆ ಓಡಿದೆ.

ಜಗಲಿಯಲ್ಲಿ ಕುಳಿತಿದ್ದ ಸುಮಿತ್ರಕ್ಕನ ಅತ್ತೆ ಗೌರಮ್ಮನವರು ಗಾಬರಿಯಿಂದ ಎದ್ದರು. "ಅಯ್ಯೋ, ಹೋಗ್ಲಿ ಬಿಡೇ ಮಗಾ. ಈ ವಯಸ್ಸಲ್ಲಿ ಪರೀಕ್ಷೆ ಕಟ್ಟು ಅಂತ ಯಾರು ಹೇಳಿದ್ರು ನಿಂಗೆ? ಗಂಡನ ಮನೆಯವ್ರು ಏನಾದ್ರೂ ಅಂದ್ರಾ?"

"ಇಲ್ಲಮ್ಮಾ, ಫೇಲಾಗ್ಬೇಕು ಅಂತಲೇ ಬರ್ದಿದ್ದು ನಾನು."

ಗೌರಮ್ಮನವರು ಸೊಸೆಯ ಕಡೆ ತಿರುಗಿದರು. "ಬಸ್ಸಲ್ಲಿ ತಲೆ ಸುತ್ತಿರ್ಬೇಕು ಕಣೆ. ಒಂದ್ ಲೋಟ ನಿಂಬೆಹಣ್ಣಿನ ಪಾನಕ ಮಾಡು."

ಪಾನಕ ಕುಡಿದೆ, ಒಳಗೆ ಹೋಗಿ ತಿದ್ದಿದ ಟೂಲಿನ ಮೇಲೆ ಓಡಿಸಿದೆ. ಪಾಸ್. ಮರುದಿನ ಕ್ಯೂರಿಂಗ್ ವರ್ಕ್ಸಿನಲ್ಲೂ ಹಾಗೇ: ತಿದ್ದದ ಟೂಲು ಫೇಲ್, ತಿದ್ದಿದ ಟೂಲು ಪಾಸ್. ಅಂದೇ ಪೇಡ ತಂದು ಹಂಚಿದೆ. ಚಂದ್ರಣ್ಣ ಯಾಕೆಂದು ಕೇಳದೆ ಎರಡು ತಿಂದ.

ನೆಟ್‌ವರ್ಕು ಎದ್ದ ಕೂಡಲೇ ಕಳಿಸಿದೆ. ಯಜಮಾನರು ಬರೆದರು: "ತಿದ್ದುಪಡಿ ಇಲ್ಲದೆ ಓಡಿಸಿದೆ. ನನ್ನ ಎಲ್ಲ ಯಂತ್ರಗಳೂ ಒಂದೇ ಜಾಗದಲ್ಲಿ ಬಿದ್ದವು. ಈ ತಪ್ಪು ಇಷ್ಟು ವರ್ಷ ನನ್ನ ಮೂಗಿನ ಕೆಳಗೇ ಇತ್ತು. ತಿದ್ದುಪಡಿ ಹಾಕಿದೆ, ಎಲ್ಲವೂ ಎದ್ದವು. ಎರಡನ್ನೂ ಸೇರಿಸಿಕೊಂಡಿದ್ದೇನೆ." ಅವತ್ತು ನಾನು ನೆಲದ ಮೇಲೆ ನಡೆದ ನೆನಪಿಲ್ಲ. ನಾನು ಹೆಸರೂ ಕೇಳದ ಊರುಗಳ ಯಂತ್ರಗಳ ಒಳಗೆ ನನ್ನ ಬೋಳು ಸ್ಕ್ರಿಪ್ಟು ಈಗ ಯಾರಿಗೂ ಎರಡನೇ ಸಲ ಕೇಳಬೇಕಾಗದ ಭಾಷೆಯಲ್ಲಿ ಮಾತಾಡುತ್ತಿದೆ.

ಹೊಸ ಆವೃತ್ತಿ ಬಂದಮೇಲೆ ಚಂದ್ರಣ್ಣ ಫೋನು ಮಾಡಿದ. "ಮಾರಾಯ್ತಿ, ಮಿಷನ್ನು ಬೆಣ್ಣೆ ಹಂಗೆ ಹೋಗ್ತಿದೆ. ಇವತ್ತು ಒಂದ್ ಬೀಜಾನೂ ಹೊರಗೆ ಹಾಕಿಲ್ಲ ನೋಡು!"

"ಒಂದೂ ಇಲ್ವಾ?" ಎಂದೆ. "ಹಂಗಾದ್ರೆ ಒಂದ್ ಹಿಡಿ ಕಪ್ಪು ಬೀಜ ತಂದು ನೀನೇ ಮೇಲಿಂದ ಸುರಿ."

"ತಲೆ ಕೆಟ್ಟಿದ್ಯೇನೇ? ಒಳ್ಳೇ ಮಾಲಿಗೆ ಕಪ್ಪು ಬೀಜ ಸುರಿಯೋದಾ?"

"ಸುರಿಯೋ ಮಾರಾಯ. ಹೊರಗೆ ಹಾಕೋಕೆ ಬರುತ್ತಾ ನೋಡೋಣ."

ಗೊಣಗುತ್ತಾ ಹೋದ. ಫೋನು ಅಲ್ಲೇ ಎಲ್ಲೋ ಇಟ್ಟಿರಬೇಕು. ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ ತಗಡಿನ ಡಬ್ಬಿಗೆ ಬೀಜ ಹಾರಿ ಬೀಳುವ ಸದ್ದು, ಟಿಣ್, ಟಿಣ್, ಟಿಣ್, ಒಂದರ ಹಿಂದೆ ಒಂದು. ಅದರ ಮೇಲೆ ಚಂದ್ರಣ್ಣನ ಕೂಗು: "ಎಲ್ಲಾನೂ ಹಾಕ್ತು ಕಣೇ, ಎಲ್ಲಾನೂ!"

ಈಗ ಅವನು ದಿನಾ ಬೆಳಿಗ್ಗೆ ಯಂತ್ರಕ್ಕೆ ಕೈಮುಗಿದು, ತಾನಾಗಿಯೇ ಒಂದು ಹಿಡಿ ಕಪ್ಪು ಬೀಜ ಸುರಿದು ನೋಡಿ, ಆಮೇಲೆ ಕೆಲಸ ಶುರು ಮಾಡುತ್ತಾನೆ.