ನಲವತ್ತೊಂದನೇ ಕ್ಯಾಸೆಟ್ಟಿನ ಬಾಗಿಲು

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ. ಅಮೆರಿಕದ ಕ್ಯಾರಿ ಎಂಬ ಊರಿನ ಇಂಡಿಯನ್ ಗ್ರೋಸರಿ ಅಂಗಡಿಯ ಹಿಂಬಾಗಿಲಿಗೆ ಹಳೆಯ ಟೊಯೋಟಾ ಒಂದು ಬಂದು ನಿಲ್ಲುತ್ತದೆ. ಊಟದ ಡಬ್ಬಿ, ಹತ್ತಿಯ ಪೊಟ್ಟಣ, ಓದುವ ಕನ್ನಡಕ ಹಿಡಿದುಕೊಂಡು ವಿದ್ಯಾವತಿ ಇಳಿಯುತ್ತಾರೆ. ಕಾರು ನಿಂತ ಶಾಸ್ತ್ರ ಮಾಡಿ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯ ಕಡೆಗೆ ಓಡುತ್ತದೆ. ಅದನ್ನು ಓಡಿಸುವ ಪತಿ ಕೃಷ್ಣಪ್ರಸಾದರಿಗೆ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಆರೂವರೆಯ ಶಿಫ್ಟು. ಮನೆಗೆ ಇರುವುದು ಒಂದೇ ಕಾರು, ಅಂಗಡಿ ತೆರೆಯುವುದು ಹತ್ತಕ್ಕೆ. ನಡುವಿನ ನಾಲ್ಕು ಗಂಟೆ ವಿದ್ಯಾವತಿಯವರದು ಮತ್ತು ಕ್ಯಾಸೆಟ್ಟುಗಳದು.

ಅಕ್ಕಿ ಮೂಟೆಗಳ ಹಿಂದಿನ ಚಿಕ್ಕ ಕೋಣೆಯಲ್ಲಿ ಒಂದು ಮೇಜು, ಒಂದು ಟೀವಿ, ಎರಡು ವಿ.ಸಿ.ಆರ್., ಟೇಪನ್ನು ಹಿಂದಕ್ಕೆ ಸುತ್ತಲು ಕೆಂಪು ಕಾರಿನ ಆಕಾರದ ಒಂದು ರಿವೈಂಡರ್. ಬಾಡಿಗೆಗೆ ಒಯ್ದ ಜನ ಬಾಗಿಲ ಕಿಂಡಿಯಿಂದ ರಾತ್ರಿಯೆಲ್ಲ ವಾಪಸು ತೂರಿಸಿಹೋದ ಸಿನಿಮಾ ಕ್ಯಾಸೆಟ್ಟುಗಳು ಪೆಟ್ಟಿಗೆ ತುಂಬಿ ನೆಲದ ಮೇಲೆ ಚೆಲ್ಲಿವೆ. ಬೇಸಿಗೆಯ ಸೋಮವಾರವಾದರೆ ಅರವತ್ತರಿಂದ ಎಪ್ಪತ್ತು. ವಿದ್ಯಾವತಿ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಮೂಸುತ್ತಾರೆ, ಆಮೇಲೆ ರಿವೈಂಡ್ ಮಾಡುತ್ತಾರೆ. ಬೂಷ್ಟು ಹಿಡಿದದ್ದನ್ನು ಬಿಚ್ಚಿ ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸುತ್ತಾರೆ. ಸುಕ್ಕಾದ ಟೇಪನ್ನು ಕತ್ತರಿಸಿ ಅಂಟಿಸುತ್ತಾರೆ.

"ಕ್ಯಾಸೆಟ್ ನೋಡಿದ್ರೆ ಮನೆ ಹೇಗಿದೆ ಅಂತ ಗೊತ್ತಾಗುತ್ತೆ ರೀ," ಎನ್ನುತ್ತಾರೆ. "ಒಂದು ಮನೆಯದು ಯಾವಾಗ್ಲೂ ಇಂಗಿನ ವಾಸನೆ. ಮೊನ್ನೆ ಒಂದರೊಳಗಿಂದ ಕಡ್ಲೆಬೇಳೆ ಬಿತ್ತು. ರಿವೈಂಡ್ ಮಾಡಿ ವಾಪಸ್ ಕೊಡೋರು ನೂರಕ್ಕೆ ಹತ್ತು ಜನ. ಅವರ ಮಕ್ಕಳು ಚೆನ್ನಾಗಿರಲಿ."

ಗೋಡೆಯ ತುಂಬ ಹಿಂದಿ, ತೆಲುಗು, ತಮಿಳು. ಕನ್ನಡದ್ದು ನೂರಹನ್ನೆರಡು ಕ್ಯಾಸೆಟ್ಟು, ಊದುಬತ್ತಿಯ ಪಕ್ಕದ ಕೆಳಗಿನ ಅರೆಯಲ್ಲಿ, ಬಗ್ಗಿದರೆ ಮಾತ್ರ ಕಾಣುವ ಹಾಗೆ. ಆದರೂ ಮೂರು ಗಂಟೆ ಡ್ರೈವ್ ಮಾಡಿಕೊಂಡು ಷಾರ್ಲೆಟ್‌ನಿಂದ ಬರುವವರು ಮೊದಲು ಬಗ್ಗುವುದು ಅಲ್ಲಿಗೇ. ಕಾರಣ ಸಿನಿಮಾ ಅಲ್ಲ, ಚೀಟಿ. ಕನ್ನಡದ ಪ್ರತಿ ಡಬ್ಬಿಯಲ್ಲೂ ವಿದ್ಯಾವತಿ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದ ಚೀಟಿ ಒಂದಿರುತ್ತದೆ. "ಮೊದಲ ಅರ್ಧ ಗಂಟೆ ಓಡಿಸಿಬಿಡಿ." "ಐವತ್ತನೇ ನಿಮಿಷಕ್ಕೆ ಹೊಡೆದಾಟ, ಮಕ್ಕಳನ್ನು ಊಟಕ್ಕೆ ಕೂರಿಸಿ." "ಅಳು ಬರುತ್ತದೆ, ಶುಕ್ರವಾರ ಬೇಡ." ಬೇಸಿಗೆಯಲ್ಲಿ ಯಾವ ಸಿನಿಮಾ ನೋಡಬೇಕೆಂದು ಈ ಊರಿನ ಕನ್ನಡದವರು ಪತ್ರಿಕೆ ನೋಡಿ ನಿರ್ಧರಿಸುವುದಿಲ್ಲ.

"ಸುಮಾರು ಅಂತ ಬರೆದ್ರೆ ಯಾರೂ ತಗೊಳಲ್ಲ. ಅಂಥದ್ದಕ್ಕೆ 'ಊಟ ಮಾಡ್ತಾ ನೋಡಿ' ಅಂತ ಬರೀತೀನಿ. ಸುಳ್ಳೂ ಆಗಲ್ಲ, ಕ್ಯಾಸೆಟ್ಟೂ ಹೋಗುತ್ತೆ." ಹೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾರೆ.

ವಿದ್ಯಾವತಿಗೆ ಈಗ ನಲವತ್ತಾರು. ಹಾಸನದ ಕಡೆಯವರು, ಬಿ.ಎ. ಮುಗಿಸಿದವರು. ೧೯೯೦ರಲ್ಲಿ ಇಲ್ಲಿಗೆ ಬಂದಾಗ ಮೊದಲ ಚಳಿಗಾಲ ಪೂರ್ತಿ ಅಪಾರ್ಟ್‌ಮೆಂಟಿನ ಕಿಟಕಿಯಲ್ಲೇ ಕಳೆಯಿತು. ಆಮೇಲೆ ಈ ಅಂಗಡಿ: ಬೇಳೆ ತೂಗಿ ಪ್ಯಾಕ್ ಮಾಡುವ ಕೆಲಸ. ಮೂರು ವರ್ಷಕ್ಕೆ ಬಲಗೈ ಮಣಿಕಟ್ಟು ಊದಿತು. ಅದೇ ಹೊತ್ತಿಗೆ ಕ್ಯಾಸೆಟ್ ನೋಡಿಕೊಳ್ಳುತ್ತಿದ್ದವರು ಅಟ್ಲಾಂಟಾಕ್ಕೆ ಹೊರಟರು. ಆ ಜಾಗವನ್ನು ವಿದ್ಯಾವತಿ ಕೇಳಿ ಪಡೆದರು. ಮಣಿಕಟ್ಟು ಇವತ್ತಿಗೂ ಚಳಿಗೆ ನೋಯುತ್ತದೆ, ಅದರ ಬಗ್ಗೆ ಹೆಚ್ಚು ಮಾತಾಡಲು ಅವರಿಗೆ ಇಷ್ಟವಿಲ್ಲ.

ಚೀಟಿಗಳ ನಿಜವಾದ ಓದುಗರು ಬೇಸಿಗೆಗೆಂದು ಊರಿಂದ ಬರುವ ಅಪ್ಪ ಅಮ್ಮಂದಿರು. ಮಗಳು ಅಳಿಯ ಆಫೀಸಿಗೆ, ಮೊಮ್ಮಕ್ಕಳು ಸಮ್ಮರ್ ಕ್ಯಾಂಪಿಗೆ. ನಡೆದು ಹೋಗೋಣವೆಂದರೆ ರಸ್ತೆಗೆ ಫುಟ್‌ಪಾತೇ ಇಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆಯಲ್ಲಿ ಎ.ಸಿ. ಸದ್ದು ಬಿಟ್ಟರೆ ಇನ್ನೊಂದು ಸದ್ದು ಬೇಕಲ್ಲ. ದಿನಕ್ಕೆ ಒಂದು ಕ್ಯಾಸೆಟ್ಟು, ಏಕಾದಶಿಗೆ ಎರಡು.

ಈ ಮೇ ತಿಂಗಳಲ್ಲಿ ಅಂಗಡಿಯ ಯಜಮಾನ ಕೃಷ್ಣಸ್ವಾಮಿ ಒಂದು ಮಾತು ಹೇಳಿದರು. ಬೆಂಗಳೂರಲ್ಲಿ ಹತ್ತು ವರ್ಷ ಇದ್ದ ತಮಿಳರು, ಕೆಟ್ಟವರಲ್ಲ. ಕೆಳಗಿನ ಅರೆಯ ಮೇಲೆ ಅವರ ಕಣ್ಣು ಬಿದ್ದಿತ್ತು. "ವಿದ್ಯಾ, ಸೆಪ್ಟೆಂಬರ್ ಲೇಬರ್ ಡೇ ಒಳಗೆ ಕನ್ನಡ ಮುನ್ನೂರು ಸಲ ಹೊರಗೆ ಹೋಗ್ಬೇಕು. ಇಲ್ದಿದ್ರೆ ಅಲ್ಲಿ ರೈಸ್ ಕುಕ್ಕರ್ ಇಡ್ತೀನಿ." ಮುನ್ನೂರು ಎಂಬುದು ಎಲ್ಲಿಂದ ಬಂತೋ ಅವರಿಗೇ ಗೊತ್ತು. ಆದರೆ ವಿದ್ಯಾವತಿ ಆ ಸಂಖ್ಯೆಯನ್ನು ಗೋಡೆಗೆ ಅಂಟಿಸಿಕೊಂಡು ಕೂತರು. ಅರೆ ಹೋದರೆ ಚೀಟಿಯೂ ಹೋಗುತ್ತದೆ, ಮತ್ತೆ ಬೇಳೆ ತಕ್ಕಡಿ.

ಅರೆಯನ್ನು ಎತ್ತಿ ಹಿಡಿಯುತ್ತಿದ್ದುದು ನಲವತ್ತೊಂದನೇ ನಂಬರಿನ ಕ್ಯಾಸೆಟ್ಟು. ವಾಷಿಂಗ್ಟನ್ ಹತ್ತಿರ ಮುಚ್ಚಿಹೋದ ಅಂಗಡಿಯೊಂದರಿಂದ ಮೂಟೆಯಲ್ಲಿ ಬಂದದ್ದು. ಹಳೆಯ ಕಪ್ಪು ಬಿಳುಪು ಚಿತ್ರ, ಅಣ್ಣ ತಂಗಿಯ ಕಥೆ. ಬಾವಿಯ ನೀರಿಗೆ ಶುರುವಾದ ಜಗಳದಲ್ಲಿ ಅಣ್ಣ ಮನೆ ಬಿಟ್ಟು ಹೋಗುತ್ತಾನೆ. ಹನ್ನೆರಡು ವರ್ಷದ ಮೇಲೆ ತಿರುಗಿ ಬಂದು ತಂಗಿಯ ಮನೆ ಬಾಗಿಲು ತಟ್ಟಲು ಕೈ ಎತ್ತುತ್ತಾನೆ. ಅಷ್ಟರಲ್ಲಿ ಟೈ ಕಟ್ಟಿದ ಬಿಳಿಯನೊಬ್ಬ ಪರದೆಗೆ ಬಂದು, ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಎನ್ನುತ್ತಾನೆ. ಯಾರೋ ಪುಣ್ಯಾತ್ಮರು ಟೀವಿಯ ಹವಾಮಾನ ವರದಿಯನ್ನು ಅದರ ಮೇಲೆ ರೆಕಾರ್ಡ್ ಮಾಡಿಬಿಟ್ಟಿದ್ದಾರೆ. ಕೊನೆಯ ಹದಿನೆಂಟು ನಿಮಿಷ ಬರೀ ಮೋಡ.

"ಊರಿಂದ ಬಂದ ಯಾರೋ ಮಾವನವರೇ ಇರ್ಬೇಕು," ಎಂದು ವಿದ್ಯಾವತಿಯವರ ಊಹೆ. "ಮಳೆ ಎಷ್ಟು ಗಂಟೆಗೆ ಬರುತ್ತೆ ಅಂತ ಹೇಳ್ತಾರೆ ನೋಡ್ರೋ ಅಂತ ಊರಲ್ಲಿ ತೋರ್ಸೋಕೆ. ಪಾಪ, ಇಲ್ಲಿ ರೆಕಾರ್ಡ್ ಮಾಡಿದ್ದು ಅಲ್ಲಿನ ವಿ.ಸಿ.ಆರ್.ನಲ್ಲಿ ಬರಲ್ಲ ಅಂತ ಅವರಿಗೇನು ಗೊತ್ತು."

ಎಸೆಯಬೇಕಾಗಿದ್ದ ಕ್ಯಾಸೆಟ್ಟದು. ಅವರು ಎಸೆಯಲಿಲ್ಲ. ಎರಡು ಪುಟದ ಉದ್ದನೆಯ ಚೀಟಿ ಬರೆದು ಡಬ್ಬಿಯಲ್ಲಿಟ್ಟರು. "ಕೊನೆಯ ಹದಿನೆಂಟು ನಿಮಿಷ ಇಲ್ಲ. ಮುಂದೆ ನಡೆಯುವುದು ಹೀಗೆ." ತಂಗಿ ಬಾಗಿಲು ತೆಗೆಯುತ್ತಾಳೆ. ಅಣ್ಣನ ಮುಖ ನೋಡುತ್ತಾಳೆ. ಅಳುವುದಿಲ್ಲ, ಬೈಯುವುದೂ ಇಲ್ಲ. "ಕೈಕಾಲು ತೊಳ್ಕೊಂಡು ಬಾ, ಅನ್ನ ಆರಿಹೋಗುತ್ತೆ" ಎನ್ನುತ್ತಾಳೆ. ಅವನು ತೊಳೆಯಲು ಹೋಗುವುದು ಅದೇ ಜಗಳದ ಬಾವಿಗೆ.

ಟೀವಿ ಆರಿಸಿ ಒಬ್ಬರು ಗಟ್ಟಿಯಾಗಿ ಓದುವುದು, ಮಿಕ್ಕವರು ಕಣ್ಣೊರೆಸಿಕೊಳ್ಳುವುದು ಕ್ಯಾರಿಯ ಮನೆಗಳಲ್ಲಿ ರೂಢಿಯಾಯಿತು. ಜೂನ್ ಒಂದೇ ತಿಂಗಳಲ್ಲಿ ಹನ್ನೊಂದು ಮನೆಗೆ ಹೋಗಿಬಂತು. "ನಲವತ್ತೊಂದು ಇದ್ಯಾ?" ಎಂದು ಕೇಳಿ ಬಂದವರು ಅದು ಸಿಗದೆ ಇನ್ನೆರಡು ಹಿಡಿದು ಹೋಗುತ್ತಿದ್ದರು. ಥಿಯೇಟರಿನಲ್ಲಿ ನೋಡಿದ್ದಿರಾ ಎಂದು ಯಾರಾದರೂ ವಿಚಾರಿಸಿದರೆ ವಿದ್ಯಾವತಿ, "ಹೂಂ, ಹಾಸನದಲ್ಲಿ" ಎನ್ನುತ್ತಿದ್ದರು. ಅದು ನಿಜವೇ. ಪೂರ್ತಿ ನಿಜವಲ್ಲ.

ಮದುವೆಯಾದ ಹೊಸತು, ೧೯೭೪. ಅತ್ತೆಯ ಜೊತೆ ಸಂಜೆ ಆಟಕ್ಕೆ ಹೋಗಿದ್ದರು. ಊರಿಗೆ ಕೊನೆಯ ಬಸ್ಸು ಎಂಟೂ ಮುಕ್ಕಾಲಿಗೆ. ಪರದೆಯ ಮೇಲೆ ಅಣ್ಣ ಊರೊಳಗೆ ಕಾಲಿಡುತ್ತಿದ್ದ ಹಾಗೆಯೇ ಅತ್ತೆ ಸೊಸೆಯ ಕೈ ಹಿಡಿದು ಎಬ್ಬಿಸಿದರು. "ಕ್ಯಾಸೆಟ್ಟಲ್ಲಿ ಎರಡು ನಿಮಿಷ ಹೆಚ್ಚೇ ನೋಡ್ದೆ," ಎಂದು ಅವರು ಈಗ ಹೇಳುತ್ತಾರೆ. "ಬಸ್ಸಲ್ಲಿ ಕೂತು ದಾರಿ ಪೂರ್ತಿ ಯೋಚ್ನೆ ಮಾಡಿದ್ದೆ, ತಂಗಿ ಏನಂದಿರ್ತಾಳೆ ಅಂತ. ಅದನ್ನೇ ಬರೆದೆ. ಇಪ್ಪತ್ತು ವರ್ಷ ಯೋಚ್ನೆ ಮಾಡಿದ್ಮೇಲೆ ಅದೇ ನಿಜ ಅನ್ಸಿಬಿಟ್ಟಿತ್ತು."

ಜುಲೈ ಮೊದಲ ವಾರ ಗುರುರಾಜ ಎಂಬ ಹಿರಿಯರು ಚೀಟಿ ಹಿಡಿದು ಕೌಂಟರಿಗೆ ಬಂದರು. ಮಗಳು ಉಷಾಳ ಮನೆಗೆ ಮೈಸೂರಿನಿಂದ ಬಂದವರು, ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ವಿಳಾಸ ತಪ್ಪಿದ್ದನ್ನು ಸುಮ್ಮನೆ ಬಿಟ್ಟು ಗೊತ್ತಿಲ್ಲ.

"ಏನಮ್ಮಾ, ಇದು ತಪ್ಪು. ಆ ಬಾಗಿಲು ತೆಗೆಯೋದೇ ಇಲ್ಲ. ನಾನು ಮೂರು ಸಲ ನೋಡಿದೀನಿ. ಅವನು ತಟ್ತಾನೆ, ತಟ್ತಾನೆ, ವಾಪಸ್ ಹೋಗ್ತಾನೆ."

ಹಿಂದೆ ನಾಲ್ಕು ಜನ ಸಾಲಿನಲ್ಲಿದ್ದರು. ಒಂದು ಚೀಟಿ ಸುಳ್ಳಾದರೆ ನೂರಹನ್ನೆರಡೂ ಸುಳ್ಳು. ಕನ್ನಡ ಕೂಟದ ಪಿಕ್‌ನಿಕ್ಕಿನಲ್ಲಿ ಒಬ್ಬರು ಬಾಯಿಬಿಟ್ಟರೆ ಸಾಕು, ರೈಸ್ ಕುಕ್ಕರುಗಳು ಬಂದು ಕೂರುತ್ತವೆ. ವಿದ್ಯಾವತಿ ಚೀಟಿಯನ್ನು ವಾಪಸು ಪಡೆದು ಮೇಜಿನ ಡ್ರಾಯರಿಗೆ ಹಾಕಿದರು. ಎರಡು ದಿನ ನಲವತ್ತೊಂದು ಚೀಟಿಯಿಲ್ಲದೆ ಹೊರಗೆ ಹೋಯಿತು. ಎರಡು ಸಲವೂ ಮಾರನೆಯ ದಿನವೇ ಬಂತು, ದೂರಿನ ಸಮೇತ.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ, ರಿವೈಂಡರ್ ಹಾಕುವ ಮೊದಲೇ ಚೀಟಿಯನ್ನು ಹೊರತೆಗೆದು ಕೆಳಗೆ ಹೀಗೆ ಸೇರಿಸಿದರು: "ಈ ಕೊನೆ ನಾನು ಬರೆದದ್ದು, ಸಿನಿಮಾದ್ದಲ್ಲ. ನಾನು ಕೊನೆ ನೋಡಿಲ್ಲ, ಕ್ಷಮಿಸಿ. ನಿಜವಾದ ಕೊನೆ ಗುರುರಾಜ್ ಸಾರ್‌ಗೆ ಗೊತ್ತು." ಆಮೇಲೆ ಉಷಾಳನ್ನು ಕೇಳಿ ಅವಳ ಮನೆಯ ಫೋನ್ ನಂಬರನ್ನೂ ಬರೆದರು. ಹೆಸರು ಹಾಕಿ ಸಹಿ ಮಾಡಿದರು. ಅವರ ಚೀಟಿಗೆ ಸಹಿ ಬಿದ್ದದ್ದು ಅದೇ ಮೊದಲು.

ಮುಂದಿನದ್ದನ್ನು ಯಾರೂ ಎಣಿಸಿರಲಿಲ್ಲ. ಫೋನುಗಳು ಶುರುವಾದವು. ಕಾರಿಲ್ಲದೆ, ಮಾತಿಲ್ಲದೆ ಮಗಳ ಮನೆಯ ಸೋಫಾದಲ್ಲಿ ದಿನ ದೂಡುತ್ತಿದ್ದ ಗುರುರಾಜರಿಗೆ ಬಿಡುವೇ ಇಲ್ಲದಾಯಿತು. ಮೊಮ್ಮಗಳು ತನ್ವಿ ರಿಸೀವರ್ ಹಿಡಿದು ಕೂಗುತ್ತಿದ್ದಳು: "ತಾತಾ, ಫೋನ್ ಫಾರ್ ಯು. ಅಗೇನ್! ದ ಡೋರ್ ಮೂವಿ." ಸಿನಿಮಾ ಮುಗಿದು ಬಾವಿಯ ಮಾತು ಬರುತ್ತಿತ್ತು, ಬಾವಿಯಿಂದ ಊರಿನ ಮಾತು, ಊರಿನಿಂದ ಮಂಡಿನೋವು. ಗಂಡ ಇಷ್ಟು ಮಾತಾಡಿದ್ದನ್ನು ನಿವೃತ್ತಿಯಾದ ಮೇಲೆ ಕಂಡೇ ಇರಲಿಲ್ಲವೆಂದು ಅವರ ಹೆಂಡತಿ ವರಲಕ್ಷ್ಮಿ ಅಂಗಡಿಗೆ ಬಂದು ಹೇಳಿಹೋದರು.

ಎರಡೂ ಕೊನೆ ಬೇಕೆಂದು ಜನ ನಲವತ್ತೊಂದಕ್ಕೆ ಹೆಸರು ಬರೆಸತೊಡಗಿದರು. ಕಾಯುವವರು ಸುಮ್ಮನೆ ಕಾಯುತ್ತಾರೆಯೇ, ಅರೆಯ ಬೇರೆ ಕ್ಯಾಸೆಟ್ಟುಗಳೂ ಖಾಲಿಯಾದವು. ಆಗಸ್ಟ್ ಮೂರನೆಯ ವಾರಕ್ಕೇ ಮುನ್ನೂರು ದಾಟಿತು. ಕೃಷ್ಣಸ್ವಾಮಿ ಈಗ ಲೆಕ್ಕ ಕೇಳುವುದಿಲ್ಲ. ಕುಕ್ಕರುಗಳು ಹಪ್ಪಳದ ಪಕ್ಕ ಜಾಗ ಹುಡುಕಿಕೊಂಡಿವೆ.

ಊರಿಗೆ ಹೊರಡುವ ಹಿಂದಿನ ದಿನ ಗುರುರಾಜ ಕೌಂಟರಿಗೆ ಬಂದರು. ಕೊಳ್ಳುವುದೇನೂ ಇರಲಿಲ್ಲ.

"ಒಂದು ವಿಷಯ ಹೇಳ್ಬೇಕಮ್ಮಾ. ಷಾರ್ಲೆಟ್‌ನಿಂದ ಒಬ್ಬ ಹೆಂಗಸು ಫೋನ್ ಮಾಡಿದ್ರು. ಅಣ್ಣನ ಹತ್ರ ಮಾತು ಬಿಟ್ಟು ಒಂಬತ್ತು ವರ್ಷ ಆಯ್ತಂತೆ. ನಿಜ ಹೇಳಿ ಸಾರ್, ತೆಗೀತಾಳಾ ಇಲ್ವಾ ಅಂದ್ರು."

"ಏನಂದ್ರಿ ಸಾರ್?"

"ತೆಗೀತಾಳಮ್ಮಾ ಅಂದೆ. ಆಮೇಲಿಂದ ಎಲ್ಲರಿಗೂ ಹಾಗೇ ಹೇಳ್ತಿದೀನಿ."

ಗುರುರಾಜರು ಊರು ಸೇರಿದ ಮೇಲೆ ವಿದ್ಯಾವತಿ ಚೀಟಿಯಿಂದ ಆ ಫೋನ್ ನಂಬರನ್ನು ಹೊಡೆದುಹಾಕಿದ್ದಾರೆ. ಸಹಿ ಹಾಗೇ ಇದೆ. ಕೂಟದವರು ವರ್ಷಕ್ಕೊಮ್ಮೆ ಭಾನುವಾರದ ಬೆಳಿಗ್ಗೆ ಪಕ್ಕದ ಊರು ರಾಲಿಯಲ್ಲಿ ಥಿಯೇಟರು ಬಾಡಿಗೆ ಹಿಡಿದು ಕನ್ನಡ ಸಿನಿಮಾ ತೋರಿಸುತ್ತಾರೆ. ಹೋಗಿ ಎಂದು ಎಲ್ಲರನ್ನೂ ಒತ್ತಾಯ ಮಾಡಿ ಕಳಿಸುವವರು ಇವರೇ. ಭಾನುವಾರ ಅಂಗಡಿ ತುಂಬಿರುವುದರಿಂದ ತಾವು ಒಮ್ಮೆಯೂ ಹೋಗಿಲ್ಲ. ಹಾಸನದ ಆ ಸಂಜೆಯ ನಂತರ ಥಿಯೇಟರಿನಲ್ಲಿ ದೀಪ ಹತ್ತುವವರೆಗೆ ಕೂತದ್ದು ನೆನಪಿಲ್ಲ ಎನ್ನುತ್ತಾರೆ.

ಆಸೆ ಇದೆಯೇ ಎಂದರೆ ರಿವೈಂಡರಿನ ಕೆಂಪು ಮುಚ್ಚಳ ತೆಗೆದು ಒಂದು ಕ್ಯಾಸೆಟ್ಟು ಹೊರಗಿಡುತ್ತಾರೆ, ಇನ್ನೊಂದು ಒಳಗಿಡುತ್ತಾರೆ.

"ಊರಿಗೆ ಹೋದಾಗ ಆ ಸಿನಿಮಾ ಎಲ್ಲಾದ್ರೂ ಹಾಕಿದ್ರೆ, ಹೊರಗಡೆ ಟ್ಯಾಕ್ಸಿ ನಿಲ್ಸಿ, ಪೂರ್ತಿ ಕೂತು ನೋಡ್ಬೇಕು. ಅವಳು ಬಾಗಿಲು ತೆಗೆಯಲ್ಲ ಅಂತ ಗೊತ್ತು," ಎನ್ನುತ್ತಾರೆ. ಮುಚ್ಚಳ ಒತ್ತಿ ಸೇರಿಸುತ್ತಾರೆ: "ಆದ್ರೂ ಅವನು ತಟ್ಟೋವಾಗ ನಾನು ಅಲ್ಲಿರ್ಬೇಕು."